ಗೋಡೆಹಸುವಿನ ಇನ್ನೊಂದು ಕಣ್ಣು

ಮೊದಲು ಒಂದು ಒಗಟು.

ಕಣ್ಣು ಒಂದೇ, ಆದರೆ ಒಕ್ಕಣ್ಣಲ್ಲ. ಹೆಜ್ಜೆ ಎತ್ತಿಟ್ಟಿದೆ, ಆದರೆ ಇದ್ದಲ್ಲೇ ಇದೆ. ಕೆಚ್ಚಲು ತುಂಬಿದೆ, ಆದರೆ ಹನಿ ಬೀಳುವುದಿಲ್ಲ. ಅಳುತ್ತದೆ, ಆದರೆ ಕೆನ್ನೆ ಒದ್ದೆಯಾಗುವುದಿಲ್ಲ. ಏನದು, ಹೇಳಿ ನೋಡೋಣ?

ಹಸು ಅಂದಿರಾ? ಹಸುವಿಗೆ ಎರಡು ಕಣ್ಣು. ಒಂದು ಕಣ್ಣು ಹೋದ ಹಸು ಅಂದಿರಾ? ಒಕ್ಕಣ್ಣಲ್ಲ ಅಂತ ಮೊದಲೇ ಹೇಳಿದೆನಲ್ಲ! ಬಿಡಿ, ನಿಮ್ಮ ಕೈಲಾಗುವುದಿಲ್ಲ. ನಿಮ್ಮ ಮೇಷ್ಟ್ರ ಕೈಲೂ ಆಗುವುದಿಲ್ಲ. ಉತ್ತರ ಕತೆಯ ಹೊಟ್ಟೆಯೊಳಗಿದೆ, ಬನ್ನಿ.

ತುಂಬಾ ಹಿಂದೆ, ಎಷ್ಟು ಹಿಂದೆ ಅಂದರೆ ಈಗ ಮೂಗು ಮುರಿದುಕೊಂಡು ನಿಂತಿರುವ ಕಲ್ಲಿನ ವಿಗ್ರಹಗಳಿಗೆಲ್ಲ ಆಗ ಮೂಗು ನೆಟ್ಟಗೆ ಇತ್ತು, ಅಷ್ಟು ಹಿಂದೆ, ನೈಲ್ ಎಂಬ ಹೊಳೆಯ ದಡದಲ್ಲಿ ಕರಿಮಣ್ಣಿನ ನಾಡು ಎಂಬ ರಾಜ್ಯವಿತ್ತು. ಹೊಳೆ ವರ್ಷವರ್ಷವೂ ಉಕ್ಕಿ ಬಂದು ಕಪ್ಪು ಮಣ್ಣು ಹರಡಿ ಹೋಗುತ್ತಿತ್ತು. ಆ ಮಣ್ಣಲ್ಲಿ ಬೆಳೆ ಚೆನ್ನಾಗಿತ್ತು. ಜನ ಉಂಡು, ಮೀಸೆ ಬೋಳಿಸಿಕೊಂಡು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಸುಖವಾಗಿದ್ದರು. ಗಂಡಸರೂ ಹಚ್ಚಿಕೊಳ್ಳುತ್ತಿದ್ದರು, ನಗಬೇಡಿ.

ಆ ನಾಡಿನವರಿಗೆ ಒಂದು ಹುಚ್ಚು. ಗೋಡೆ ಕಂಡರೆ ಸಾಕು, ಪ್ರಾಣಿ ಕೆತ್ತಬೇಕು. ಬಾತುಗಳ ಸಾಲು, ಹೊರೆ ಹೊತ್ತ ಕತ್ತೆ, ಜೊಂಡಿನಲ್ಲಿ ಮಿಡತೆ ಹಿಡಿಯುವ ಮುಳ್ಳಿಲಿ, ಬಾಯಿ ತೆರೆದ ನೀರಾನೆ, ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ಕೆತ್ತುವುದಕ್ಕೆ ಒಂದು ಕಟ್ಟಳೆ ಇತ್ತು. ಎಲ್ಲವನ್ನೂ ಪಕ್ಕದಿಂದಲೇ ಕೆತ್ತಬೇಕು. ಒಂದು ಕಣ್ಣು, ಒಂದು ಕೆನ್ನೆ, ಅಷ್ಟೇ. ಎದುರಿಂದ ಕೆತ್ತುವ ಹಾಗಿಲ್ಲ. ಯಾಕೆ ಅಂತ ಕೇಳಿದರೆ "ನಮ್ಮಪ್ಪ ಹಾಗೇ ಕೆತ್ತುತ್ತಿದ್ದ" ಅನ್ನುತ್ತಿದ್ದರು. ಅವರಪ್ಪನನ್ನು ಕೇಳೋಣ ಅಂದರೆ ಅವನು ಆಗಲೇ ಗೋರಿಯೊಳಗೆ ಮಲಗಿದ್ದ.

ಆ ರಾಜ್ಯದ ಹಳ್ಳಿಯೊಂದರಲ್ಲಿ ನೆಬಿ ಎಂಬ ಹುಡುಗಿ ತನ್ನ ತೆತಿಯಜ್ಜಿಯ ಜೊತೆ ಇದ್ದಳು. ಅವರಿಗೆ ಒಂದೇ ಒಂದು ಹಸು. ಬಣ್ಣ ಗೋಧಿ, ಹೆಸರೂ ಗೋಧಿ. ಗೋಧಿ ಒಂದು ಗಂಡು ಕರು ಹಾಕಿತು. ಅದಕ್ಕೆ ನೆಬಿ ತೌಡು ಅಂತ ಹೆಸರಿಟ್ಟಳು.

"ಅದೇನೇ ಹೆಸರು, ತೌಡು?" ಅಂದಳು ಅಜ್ಜಿ.

"ಗೋಧಿಯಿಂದ ಬರೋದು ತೌಡೇ ತಾನೇ ಅಜ್ಜೀ?"

ಅಜ್ಜಿ ನಕ್ಕು ನಕ್ಕು ಹಲ್ಲಿಲ್ಲದ ಬಾಯಿ ತೋರಿಸಿದಳು. ಹೀಗೆ ಮೂವರೂ, ಹಸುವನ್ನು ಸೇರಿಸಿದರೆ ನಾಲ್ವರೂ, ಸಂತೋಷವಾಗಿದ್ದರು.

ಇತ್ತ ಅರಮನೆಯಲ್ಲಿ ರಾಜನಿಗೆ ಒಂದು ಚಿಂತೆ ಹತ್ತಿತ್ತು. ಅವನ ಬೆಕ್ಕಿಗೆ ಮುಪ್ಪು ಬಂದಿತ್ತು. ಬೆಕ್ಕಿನ ಹೆಸರು ಮಿಯು. ರಾಜ ರಾಣಿಯನ್ನಾದರೂ ಮರೆತಾನು, ಮಿಯುವನ್ನು ಮರೆಯುತ್ತಿರಲಿಲ್ಲ. ಆಗ ಎಲ್ಲಿಂದಲೋ ಒಬ್ಬ ಮಾಂತ್ರಿಕ ಬಂದ. ಕೈಯಲ್ಲಿ ತಾಮ್ರದ ಉಳಿ, ಸೊಂಟದಲ್ಲಿ ಕೆಂಪು ಬಣ್ಣದ ಕುಡಿಕೆ. ಹೆಸರೇನು ಅಂದರೆ ಹೇಳಲಿಲ್ಲ. ಆ ನಾಡಿನಲ್ಲಿ ನಿಜವಾದ ಹೆಸರು ಹಿಡಿದು ಕರೆದರೆ ಎಂಥವನೂ ತಿರುಗಿ ನೋಡಲೇಬೇಕು, ಅದಕ್ಕೇ ಮಾಂತ್ರಿಕರು ಹೆಸರನ್ನು ಹೆಂಡತಿಗೂ ಹೇಳುತ್ತಿರಲಿಲ್ಲ. ಜನ ಅವನನ್ನು ಉಳಿಮಾಂತ್ರಿಕ ಅಂದರು.

"ಮಹಾಪ್ರಭು, ನಿಮ್ಮ ಬೆಕ್ಕು ಸಾಯದ ಹಾಗೆ ಮಾಡುತ್ತೇನೆ" ಅಂದ ಉಳಿಮಾಂತ್ರಿಕ.

ಮಿಯುವನ್ನು ಗೋಡೆಯ ಮುಂದೆ ಕೂರಿಸಿದ. ಕೆಂಪು ಗೆರೆ ಎಳೆದ. ಉಳಿಯಿಂದ ಟಕಟಕ ಕೆತ್ತಿದ. ಕಿವಿ ಕೆತ್ತಿದ, ಬಾಲ ಕೆತ್ತಿದ, ಕೊನೆಗೆ ಕಣ್ಣು ಕೆತ್ತಿದ. ಕಣ್ಣು ಬಿದ್ದಿತೋ ಇಲ್ಲವೋ, ನೆಲದ ಮೇಲೆ ಬೆಕ್ಕು ಇಲ್ಲ! ಗೋಡೆಯ ಮೇಲಿನ ಬೆಕ್ಕು ಬಾಲ ಆಡಿಸಿತು.

ರಾಜ ಊಟ ಮಾಡುತ್ತಾ ಅದನ್ನು ನೋಡಿ ಹಿಗ್ಗಿದ.

"ಎಲ್ಲಾ ಪ್ರಾಣಿಗಳನ್ನೂ ಹೀಗೇ ಮಾಡಲೇ ಪ್ರಭು? ರೋಗವಿಲ್ಲ, ಮುಪ್ಪಿಲ್ಲ, ಸಾವಿಲ್ಲ."

ರಾಜನ ಬಾಯಿ ತುಂಬ ರೊಟ್ಟಿ ಇತ್ತು. "ಹೂಂ" ಅಂದ. ಇಡೀ ರಾಜ್ಯ ಕೆಟ್ಟದ್ದು ಆ ಒಂದು ಹೂಂಕಾರದಿಂದ.

ಹೊಳೆಯಾಚೆ, ಮರಳುಗಾಡು ಶುರುವಾಗುವ ಕಡೆ, ಉಳಿಮಾಂತ್ರಿಕ ಒಂದು ದೊಡ್ಡ ಕಲ್ಲುಮನೆ ಕಟ್ಟಿಸಿಕೊಂಡ. ಸಿಪಾಯಿಗಳು ಹಳ್ಳಿಹಳ್ಳಿಯಿಂದ ದನ ಎಳೆದು ತಂದರು, ಆಡು ತಂದರು, ಕತ್ತೆ ತಂದರು. ಕಾಡಿನಿಂದ ಸಿಂಹ ತಂದರು, ಹೊಳೆಯಿಂದ ಮೊಸಳೆ ತಂದರು. ಟಕಟಕ, ಎಲ್ಲವೂ ಗೋಡೆಗೆ. ಹೊಲ ಉಳಲು ಎತ್ತಿಲ್ಲ, ಹೊರೆ ಹೊರಲು ಕತ್ತೆಯಿಲ್ಲ, ಮಕ್ಕಳಿಗೆ ಹಾಲಿಲ್ಲ. ರಾಜನಿಗೇ ಗಾಬರಿಯಾಯಿತು. ಮಡಿಲಲ್ಲಿ ಕೂರದ ಬೆಕ್ಕು ಇದ್ದರೆಷ್ಟು, ಬಿಟ್ಟರೆಷ್ಟು! "ಸಾಕು ಮಾರಾಯ, ಬಿಟ್ಟುಬಿಡು" ಅಂದ.

"ಎದುರು ಮಾತಾಡಿದರೆ ನಿಮ್ಮನ್ನೂ ಕೆತ್ತುತ್ತೇನೆ" ಅಂದ ಮಾಂತ್ರಿಕ. "ಅದೂ ಚಿಕ್ಕದಾಗಿ."

ಆ ನಾಡಿನಲ್ಲಿ ದೊಡ್ಡವರನ್ನು ದೊಡ್ಡದಾಗಿ, ಆಳುಗಳನ್ನು ಮೊಣಕಾಲೆತ್ತರಕ್ಕೆ ಕೆತ್ತುವುದು ವಾಡಿಕೆ. ರಾಜ ನಡುಗಿಹೋದ. ಬಾಯಿ ಮುಚ್ಚಿಕೊಂಡು ಒಳಗೆ ಹೋದ.

ಸಿಪಾಯಿಗಳು ಗೋಧಿಯನ್ನೂ ಎಳೆದುಕೊಂಡು ಹೋದರು. ತೌಡಿಗೆ ಇನ್ನೂ ಕಾಲು ಗಟ್ಟಿಯಾಗಿರಲಿಲ್ಲ. ನಡೆಯಲಾಗದ್ದಕ್ಕೆ ಅದನ್ನು ಬಿಟ್ಟುಹೋದರು.

ಅಜ್ಜಿ ಗಂಜಿ ಕಾಯಿಸಿ ಬಟ್ಟೆ ಅದ್ದಿ ಚೀಪಿಸಿದಳು. ಕರು ಉಗಿಯಿತು. ಊರಲ್ಲಿ ಹಾಲಿಗೆ ಒಂದು ಆಡೂ ಉಳಿದಿರಲಿಲ್ಲ. ತೌಡಿನ ಕೂಗು ಮೊದಲು ದೊಡ್ಡದಾಗಿತ್ತು, ಆಮೇಲೆ ಸಣ್ಣದಾಯಿತು, ಆಮೇಲೆ ಬರೀ ಬಾಯಿ ತೆರೆಯಿತು, ದನಿ ಬರಲಿಲ್ಲ.

"ಇವತ್ತು ಹೊತ್ತು ಮುಳುಗೋದರೊಳಗೆ ತಾಯಿ ಹಾಲು ಸಿಗದಿದ್ರೆ ಇದು ಉಳಿಯಲ್ಲ ಕಣೇ ನೆಬಿ" ಅಂದಳು ಅಜ್ಜಿ.

"ಹಾಗಾದ್ರೆ ತಾಯಿ ಹತ್ರಾನೇ ಕರ್ಕೊಂಡು ಹೋಗ್ತೀನಿ."

"ತಾಯಿ ಗೋಡೆಯೊಳಗಿದೆಯಲ್ಲೇ!"

"ಗೋಡೆ ಹತ್ರಾನೇ ಹೋಗ್ತೀನಿ."

ಅಜ್ಜಿ ಬೇಡ ಅನ್ನಲಿಲ್ಲ. ಬೇಡ ಅಂದರೆ ಕೇಳುವ ಹುಡುಗಿ ಅಲ್ಲ ಅಂತ ಅವಳಿಗೆ ಗೊತ್ತಿತ್ತು. ಜಡೆಗೆ ಒಂದು ನೀಲಿ ಮಣಿ ಕಟ್ಟಿದಳು. "ಹೊಳೆ ದಾಟುವಾಗ ಮೊಸಳೆ ಮಂತ್ರ ಮರೀಬೇಡ" ಅಂದಳು.

"ಮೊಸಳೆಗಳೆಲ್ಲ ಗೋಡೆಯಲ್ಲಿದಾವಲ್ಲ ಅಜ್ಜೀ?"

"ಆದ್ರೂ ಹೇಳು. ನಮ್ಮ ಮನೆ ಅಭ್ಯಾಸ."

ನೆಬಿ ತೌಡನ್ನು ಹೆಗಲ ಮೇಲೆ ಹೊತ್ತುಕೊಂಡು ಹೊರಟಳು. ದೋಣಿಯಲ್ಲಿ ಹೊಳೆ ದಾಟಿದಳು. ಮರಳು ದಾಟಿದಳು. ಕಲ್ಲುಮನೆಯ ಬಾಗಿಲಿಗೆ ಬಂದಳು.

ಬಾಗಿಲಲ್ಲಿ ಕಾವಲುಗಾರ ಇರಲಿಲ್ಲ. ಪಕ್ಕದ ಗೋಡೆಯಲ್ಲಿ ನಾಯಿಮೂತಿಯ ದೊಡ್ಡ ಕೋತಿಯೊಂದು ಕೆತ್ತಿಸಿಕೊಂಡು ಕೂತಿತ್ತು. ನೆಬಿಗೆ ಅದರ ಗುರುತು ಹತ್ತಿತು. ಅದು ಸಂತೆಯ ಕೋತಿ. ಸಂತೆಯಲ್ಲಿ ಕಳ್ಳರ ಕಾಲು ಹಿಡಿಯಲು ಅದನ್ನು ಸಾಕಿದ್ದರು. ಎಲ್ಲರೂ ಅದನ್ನು ಜಮಾದಾರ ಅನ್ನುತ್ತಿದ್ದರು. ಹಿಂದೊಮ್ಮೆ ಅಂಜೂರ ಕದ್ದಾಗ ನೆಬಿಯ ಕಾಲನ್ನೂ ಹಿಡಿದಿತ್ತು.

ಅವಳು ಮೆಲ್ಲಗೆ ಒಳಗೆ ಕಾಲಿಟ್ಟಳು. ಗೋಡೆಯಿಂದ ಹಪ್ಪಳದಷ್ಟು ತೆಳ್ಳಗಿನ ಕಲ್ಲಿನ ಕೈಯೊಂದು ಹೊರಗೆ ಬಂದು ಕಾಲು ಹಿಡಿಯಿತು.

"ಯಾರದು?" ಅಂದಿತು ಕೋತಿ. ಗೋಡೆಯೊಳಗಿನ ಪ್ರಾಣಿಗಳಿಗೆ ಮಾತು ಬರುತ್ತದೆ. ಸುತ್ತಲೂ ಅಕ್ಷರ ಕೆತ್ತಿರುತ್ತಾರಲ್ಲ, ಅವುಗಳ ನಡುವೆ ಇದ್ದೂ ಇದ್ದೂ ಕಲಿತುಬಿಡುತ್ತವೆ. ಶಾಲೆಗೆ ಹೋದವರಿಗಿಂತ ಬೇಗ.

"ನಾನು ನೆಬಿ. ಅಂಜೂರದ ಕಳ್ಳಿ. ಗುರುತು ಸಿಗಲಿಲ್ವಾ? ಈ ಕಡೆ ತಿರುಗಿ ನೋಡು ಜಮಾದಾರಪ್ಪ."

"ತಿರುಗೋ ಹಾಗಿಲ್ಲ. ಧಣಿ ಹೇಳಿದಾರೆ, ಮುಂದಕ್ಕೇ ನೋಡಬೇಕು ಅಂತ. ಸೊಂಟ ನೋವು ಬಂದ್ರೂ ತಿರುಗೋ ಹಾಗಿಲ್ಲ."

ಕಾಲು ಬಿಡಿಸಿಕೊಳ್ಳಲು ಆಗಲಿಲ್ಲ. ಹಾಗಾದರೆ ಏನು ಮಾಡಬೇಕು? ನೆಬಿ ಕರುವನ್ನು ಕೆಳಗಿಟ್ಟು ಗೋಡೆಯ ಮುಂದೆ ಕೋತಿಯ ಹಾಗೇ ಪಕ್ಕಕ್ಕೆ ತಿರುಗಿ ಕೂತಳು. ಕೆನ್ನೆ ಉಬ್ಬಿಸಿದಳು. ಗೋಡೆಯ ಕೋತಿ ಓರೆಗಣ್ಣಲ್ಲಿ ನೋಡಿ ತಾನೂ ಕೆನ್ನೆ ಉಬ್ಬಿಸಿತು. ಅವಳು ಕಂಕುಳು ಕೆರೆದಳು. ಅದೂ ಕೆರೆಯಿತು. ಕಲ್ಲಾದರೇನು, ಕೋತಿ ಕೋತಿಯೇ. ಅವಳು ತಟ್ಟನೆ ಎದುರಿಗೆ ತಿರುಗಿ, ಎರಡೂ ಕಣ್ಣು ಅರಳಿಸಿ, ನಾಲಿಗೆ ಚಾಚಿದಳು. ಕೋತಿಯೂ ತಟ್ಟನೆ ತಿರುಗಿ, ಎರಡೂ ಕಣ್ಣು ಅರಳಿಸಿ, ನಾಲಿಗೆ ಚಾಚಿತು.

ದೊಪ್!

ಗೋಡೆಯಿಂದ ಕೋತಿ ಕೆಳಗೆ ಬಿತ್ತು. ರೋಮ, ಬಾಲ, ಚಿಗಟ, ಎಲ್ಲ ಇದ್ದ ನಿಜವಾದ ಕೋತಿ. ಹೊರಗೆ ಬಿದ್ದ ಕೂಡಲೇ ಅದಕ್ಕೆ ಮಾತು ಮರೆತುಹೋಯಿತು. ಕಿಚಕಿಚ ಅಂದು ನೆಬಿಯ ಜಡೆಯಲ್ಲಿ ಹೇನು ಹುಡುಕಲು ಕೂತಿತು.

ಆಗ ನೆಬಿಗೆ ಹೊಳೆಯಿತು. ಗೋಡೆಯಲ್ಲಿರಲು ಒಂದೇ ಕಣ್ಣು ಬೇಕು. ಎದುರಿಗೆ ತಿರುಗಿ ಎರಡು ಕಣ್ಣೂ ತೋರಿಸಿದ ಪ್ರಾಣಿ ಗೋಡೆಯಲ್ಲಿ ನಿಲ್ಲಲಾರದು. ಅಪ್ಪಂದಿರು ಪಕ್ಕದಿಂದಲೇ ಕೆತ್ತುತ್ತಿದ್ದುದು ಇದಕ್ಕೇ!

"ಹಾಗಾದ್ರೆ ಸುಲಭ. ಗೋಧೀನ ಒಂದು ಸಲ ತಿರುಗಿಸಿದ್ರೆ ಆಯ್ತು" ಅಂದುಕೊಂಡಳು. ಕರುವನ್ನು ಎತ್ತಿಕೊಂಡು, ಕೋತಿಯನ್ನು ಹಿಂದೆ ಹಾಕಿಕೊಂಡು ಒಳಗೆ ನಡೆದಳು.

ಒಳಗೆ ಒಂದು ಸಣ್ಣ ಓಣಿ. ಓಣಿಯ ಎರಡು ಗೋಡೆಗಳ ಬುಡದಲ್ಲೂ ಅಂಕುಡೊಂಕು ಗೆರೆ ಎಳೆದು ನೀರು ಕೆತ್ತಿದ್ದರು. ಕಲ್ಲಿನ ನೀರು ಜುಳುಜುಳು ಅನ್ನುತ್ತಿತ್ತು. ಅದರೊಳಗೆ ಮೊಸಳೆ. ಅದು ಗೋಡೆಯುದ್ದಕ್ಕೂ ಸರಸರ ಓಡಾಡುತ್ತಾ ಹತ್ತಿರ ಬಂದವರ ಕಾಲಿಗೆ ಬಾಯಿ ಹಾಕುತ್ತಿತ್ತು.

"ಕರುವಿನ ವಾಸನೆ!" ಅಂದಿತು ಮೊಸಳೆ.

ನೀರು, ಮೊಸಳೆ, ಹೆಗಲ ಮೇಲೆ ಕರು. ಇಷ್ಟು ಸೇರಿದರೆ ದನ ಕಾಯುವವರ ಮನೆಯ ಹುಡುಗಿ ಏನು ಮಾಡುತ್ತಾಳೆ? ಯೋಚನೆಯನ್ನೇ ಮಾಡದೆ ನೆಬಿ ಕೈ ಚಾಚಿ, ಬೆರಳು ತೋರಿಸಿ, ಅಜ್ಜಿ ಕಲಿಸಿದ ಮಂತ್ರ ಹೇಳಿಬಿಟ್ಟಳು:

"ನೀರಿನ ಹುಳುವೇ, ಕುರುಡಾಗು! ಹೊಳೆಯ ಕಳ್ಳನೇ, ಕುರುಡಾಗು!"

ಆ ನಾಡಿನ ದನಗಾಹಿಗಳೆಲ್ಲ ಹೊಳೆ ದಾಟುವಾಗ ಹೇಳುವ ಮಂತ್ರ ಅದು. ನಿಜವಾದ ಮೊಸಳೆಗೆ ಹೇಳಿದರೆ ಹತ್ತಿರವಿರುವ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ, ದನ ದಾಟಿಬಿಡುತ್ತವೆ. ಆದರೆ ಈ ಮೊಸಳೆಗೆ ಇದ್ದದ್ದೇ ಒಂದು ಕಣ್ಣು! ಅದೂ ಮುಚ್ಚಿಕೊಂಡಿತು. ಮೊಸಳೆಗೆ ಕತ್ತಲೋ ಕತ್ತಲು.

"ಯಾರು ದೀಪ ಆರಿಸಿದ್ದು? ಯಾರೇ ಅದು?" ಅಂತ ಬೊಬ್ಬೆ ಹೊಡೆಯಿತು. ಸಿಟ್ಟಿಗೆ ಮೂತಿ ಹೊರಳಿಸಿತು, ಮತ್ತೂ ಹೊರಳಿಸಿತು, ಗೋಡೆಯಾಚೆ ಬಚ್ಚಿಟ್ಟುಕೊಂಡಿದ್ದ ಇನ್ನೊಂದು ಕಣ್ಣನ್ನು ತೆರೆದು ನೆಬಿಯನ್ನು ಎದುರಿಗೇ ನೋಡಿತು.

ದೊಪ್! ಈ ಸಲ ದೊಡ್ಡ ದೊಪ್.

ಓಣಿಯ ತುಂಬ ನಿಜವಾದ ಮೊಸಳೆ. ಈಗ ಅದಕ್ಕೆ ಹಲ್ಲು ನಿಜ, ಹಸಿವೂ ನಿಜ. ಕೋತಿ ಕಿರುಚಿ ನೆಬಿಯ ತಲೆಯ ಮೇಲೆ ಹತ್ತಿತು. ಹೆಗಲ ಮೇಲೆ ಕರು, ತಲೆಯ ಮೇಲೆ ಕೋತಿ, ಎದುರಿಗೆ ಮೊಸಳೆ. ನೆಬಿ ಇದ್ದಲ್ಲೇ ನಿಂತಳು.

ಮೊಸಳೆ ಬಾಯಿ ತೆರೆಯಿತು. ತೆರೆದ ಬಾಯಿ ಹಾಗೇ ನಿಂತಿತು. ಎಷ್ಟೋ ದಿನ ಕಲ್ಲಿನ ನೀರಿನಲ್ಲಿ ಇದ್ದು ಅದರ ಚರ್ಮ ಒಣಗಿ ಚಟಪಟ ಅನ್ನುತ್ತಿತ್ತು! ಹೊರಗಿನಿಂದ ಹೊಳೆಯ ಗಾಳಿ ಬೀಸಿತು. ಮೊಸಳೆ ಕರುವನ್ನು ನೋಡಿತು, ಗಾಳಿಯನ್ನು ಮೂಸಿತು. ಹಸಿವಿಗಿಂತ ಬಾಯಾರಿಕೆಯೇ ದೊಡ್ಡದಾಯಿತು. ನೆಬಿಯ ಕಾಲಿನ ಪಕ್ಕದಲ್ಲೇ ಸರಸರ ಹರಿದು, ಬಾಗಿಲು ದಾಟಿ, ಹೊಳೆಯ ಕಡೆ ಓಡಿಯೇಹೋಯಿತು.

"ಅಜ್ಜೀ, ನಿನ್ನ ಮಂತ್ರಕ್ಕಿಷ್ಟು!" ಅಂದಳು ನೆಬಿ. ಹೆಗಲ ಮೇಲೆ ತೌಡು ತಲೆ ಜೋಲುಬಿಟ್ಟಿತ್ತು. ಹೊತ್ತು ಇಳಿಯುತ್ತಿತ್ತು. ಅವಳು ಮುಂದೆ ನಡೆದಳು.

ಓಣಿಯ ಕೊನೆಗೆ ಒಂದು ಕಲ್ಲಿನ ಬಾಗಿಲು. ಬಾಗಿಲ ಗೋಡೆಯಲ್ಲಿ ಸಿಂಹ. ಈಗ ನೆಬಿ ಬುದ್ಧಿವಂತೆ. ಸಿಂಹ ತಿರುಗಿದರೆ ತನ್ನ ಕತೆ ಮುಗಿಯಿತು ಅಂತ ಗೊತ್ತು. ಕೋತಿಯ ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಬಂದಳು.

"ಮೆಲ್ಲಗೆ ಬಂದರೂ ಕೇಳುತ್ತದೆ ಮಗಳೇ" ಅಂದಿತು ಸಿಂಹ. ಅದರ ದನಿ ಗಂಭೀರವಾಗಿತ್ತು. "ಹೆದರಬೇಡ. ಕಲ್ಲಿನ ಹೊಟ್ಟೆಗೆ ಹಸಿವಿಲ್ಲ. ನನ್ನನ್ನು ಕರೆ. ಯಾರಾದರೂ ಕರೆಯದೆ, ಕೆಣಕದೆ ನಾವು ತಿರುಗಲಾರೆವು."

"ಕರೆದ್ರೆ ನನ್ನನ್ನ ತಿಂತೀಯ."

"ತಿನ್ನಬಹುದು" ಅಂದಿತು ಸಿಂಹ. "ಸುಳ್ಳು ಹೇಳುವುದಿಲ್ಲ. ಹೊರಗೆ ಬಂದರೆ ಹಸಿವು ಬರುತ್ತದೆ, ಈ ಮಾತೆಲ್ಲ ಮರೆತುಹೋಗುತ್ತದೆ. ಆದರೂ ಕರೆ."

"ಈಗ ಆಗಲ್ಲ ಸಿಂಹಪ್ಪ. ಕರು ಸಾಯ್ತಾ ಇದೆ. ಇದರ ತಾಯಿನ ಬಿಡಿಸಿ ಆಮೇಲೆ ಬರ್ತೀನಿ."

"ಆಮೇಲೆ ಬರ್ತೀನಿ ಅಂದವರು ಯಾರೂ ಬರಲಿಲ್ಲ."

ನೆಬಿ ಜಡೆಯಿಂದ ನೀಲಿ ಮಣಿ ಬಿಚ್ಚಿ, ಕೆತ್ತಿದ ಬಾಲದ ಹಳ್ಳದಲ್ಲಿ ಒತ್ತಿ ಕೂರಿಸಿದಳು. "ಇದು ನಮ್ಮಜ್ಜಿ ಕಟ್ಟಿದ್ದು. ಬಿಟ್ಟು ಮನೆಗೆ ಹೋದ್ರೆ ಬೈತಾಳೆ. ಬಂದೇ ಬರ್ತೀನಿ."

ಸಿಂಹ ಮಣಿ ಕೂತ ಬಾಲವನ್ನು ಒಮ್ಮೆ ಆಡಿಸಿತು. "ಹಾಗಾದರೆ ನನ್ನ ಹೆಸರು ಕೇಳಿಕೋ" ಅಂದು ಅವಳ ಕಿವಿಯಲ್ಲಿ ಮೆಲ್ಲಗೆ ಹೇಳಿತು. ಏನು ಹೆಸರು ಅಂತ ನನ್ನನ್ನು ಕೇಳಬೇಡಿ, ಅದು ಅವರಿಬ್ಬರ ಗುಟ್ಟು. ಸಿಂಹ ಪಕ್ಕಕ್ಕೆ ಸರಿಯಿತು. ಬಾಗಿಲು ತೆರೆಯಿತು.

ಒಳಗೆ ದೊಡ್ಡ ಸಭಾಂಗಣ. ನಾಲ್ಕು ಗೋಡೆಯ ತುಂಬ ರಾಜ್ಯದ ಪ್ರಾಣಿಗಳು. ಕತ್ತೆಗಳ ಹಿಂಡು, ಬಾತುಗಳ ಸಾಲು, ಕಿವಿ ನಿಮಿರಿದ ನಾಯಿಗಳು, ಉದ್ದ ಕೊಂಬಿನ ಎತ್ತುಗಳು. ಎಲ್ಲವೂ ಒಂದೇ ಕಡೆ ನೋಡುತ್ತಾ, ಹೆಜ್ಜೆ ಎತ್ತಿಟ್ಟುಕೊಂಡು, ಇದ್ದಲ್ಲೇ ನಡೆಯುತ್ತಿದ್ದವು. ನಡುವೆ ಎಲ್ಲಕ್ಕಿಂತ ದೊಡ್ಡದಾಗಿ, ಸೂರು ಮುಟ್ಟುವಷ್ಟು ಎತ್ತರಕ್ಕೆ, ಕೋಲು ಹಿಡಿದ ಒಬ್ಬ ಮನುಷ್ಯ. ಅದು ಉಳಿಮಾಂತ್ರಿಕ ತನ್ನನ್ನು ತಾನೇ ಕೆತ್ತಿಕೊಂಡದ್ದು. ಕಣ್ಣು ಮಾತ್ರ ಇನ್ನೂ ಕೆತ್ತಿರಲಿಲ್ಲ.

ಅದರ ಕಾಲ ಬಳಿ ಗೋಧಿ. ಗೋಡೆಯಲ್ಲಿ ಗೋಧಿ! ಕೆಚ್ಚಲು ತುಂಬಿ ಬಿಗಿದಿತ್ತು. ಇದ್ದ ಒಂದೇ ಕಣ್ಣಿನ ಕೆಳಗೆ ಕಲ್ಲಿನ ಹನಿಯೊಂದು ನಿಂತಿತ್ತು.

ಈಗ ಗೊತ್ತಾಯಿತೇ ಒಗಟು? ಮುಂದೆ ಕೇಳಿ.

"ಗೋಧೀ!" ಅಂತ ಕೂಗಿದಳು ನೆಬಿ. ಗೋಧಿ ತಿರುಗಲಿಲ್ಲ. "ಗೋಧೀ, ಇಲ್ಲಿ ನೋಡೇ, ನಾನು ಕಣೇ!" ತಿರುಗಲಿಲ್ಲ.

"ಕೇಳಿಸುವುದಿಲ್ಲ" ಅಂದ ಯಾರೋ. ಕಂಬದ ಹಿಂದಿನಿಂದ ಉಳಿಮಾಂತ್ರಿಕ ಬಂದ. "ಸಾಕಿದ ಪ್ರಾಣಿಗಳಿಗೆಲ್ಲ ಹೆಸರಿರುತ್ತದೆ. ಸಾಕಿದವರು ಬಂದು ಕರೆಯುತ್ತಾರೆ. ಅದಕ್ಕೇ ಕಾವಲಿನವನ್ನು ಬಿಟ್ಟು ಮಿಕ್ಕವುಗಳ ಕಿವಿಗೆ ಗಾರೆ ತುಂಬಿದ್ದೇನೆ. ನನ್ನ ಚಿತ್ರದ ಕಿವಿಗೂ ತುಂಬಿಕೊಂಡಿದ್ದೇನೆ. ನಿಮ್ಮ ಗಲಾಟೆ ಯಾರಿಗೆ ಬೇಕು?"

"ಅಯ್ಯಾ, ಕರು ಸಾಯ್ತಿದೆ. ಹಸೂನ ಬಿಡಿ."

"ಸಾಯುವುದು ಯಾಕೆ? ಕರುವನ್ನೂ ಕೆತ್ತುತ್ತೇನೆ. ನಿನ್ನನ್ನೂ ಕೆತ್ತುತ್ತೇನೆ, ಬಾ. ಹಸಿವಿಲ್ಲ, ಮುಪ್ಪಿಲ್ಲ, ಯಾವಾಗಲೂ ನಿನ್ನ ಹಸುವಿನ ಹಿಂದೆಯೇ ಇರುತ್ತೀ."

"ಹಾಲು ಕರೆಯೋಕಾಗುತ್ತಾ?"

"ಇಲ್ಲ."

"ಕರು ಕುಣಿಯುತ್ತಾ?"

"ಕುಣಿಯುವ ಹಾಗೆ ಕಾಲು ಎತ್ತಿ ಕೆತ್ತುತ್ತೇನೆ."

"ಎತ್ತಿದ ಕಾಲು ಇಳಿಸೋಕಾಗುತ್ತಾ?"

ಮಾಂತ್ರಿಕ ಕಂಬಕ್ಕೆ ಒರಗಿಸಿದ್ದ ತನ್ನ ಕೋಲು ಎತ್ತಿಕೊಂಡ. ಕೋಲಿನಿಂದ ನೆಲಕ್ಕೆ ಕುಟ್ಟಿದ. ನೆಬಿಯ ಕಾಲು ನೆಲಕ್ಕೆ ಅಂಟಿಕೊಂಡಿತು. ಅವಳ ಹೆಗಲಿನಿಂದ ಕರುವನ್ನು ಕಿತ್ತು ಗೋಡೆಯ ಮುಂದೆ ನಿಲ್ಲಿಸಿದ. ಕುಡಿಕೆಯಿಂದ ಕೆಂಪು ಬಣ್ಣ ತೆಗೆದು ಗೋಧಿಯ ಪಕ್ಕದಲ್ಲಿ ಗೆರೆ ಎಳೆಯಲು ಶುರು ಮಾಡಿದ. ಬಾಲ ಎಳೆದ. ತೌಡಿನ ಬಾಲ ಮಾಯವಾಯಿತು. ಹಿಂಗಾಲು ಎಳೆದ. ತೌಡಿನ ಹಿಂಗಾಲು ಹೊಗೆಯ ಹಾಗೆ ತೆಳ್ಳಗಾಯಿತು.

ನೆಬಿ ಕೂಗಿದಳು, ಅತ್ತಳು, ಬೈದಳು. ಗೋಧಿಗೆ ಒಂದೂ ಕೇಳಲಿಲ್ಲ. "ತೌಡೂ, ನೀನಾದ್ರೂ ಕೂಗೋ!" ಅಂದಳು. ತೌಡು ಬಾಯಿ ತೆರೆಯಿತು. ದನಿ ಬರಲಿಲ್ಲ. ಅದಕ್ಕೆ ಕೂಗುವ ಶಕ್ತಿಯೇ ಇರಲಿಲ್ಲ.

ಆದರೆ ಎದುರಿಗೆ ಕೆಚ್ಚಲಿತ್ತು. ಕಲ್ಲಿನದೋ ಮಣ್ಣಿನದೋ, ಹಸಿದ ಕರುವಿಗೆ ಅದೆಲ್ಲ ಯಾಕೆ? ತೌಡು ಮುಂಗಾಲಿನ ಮೇಲೆ ತೆವಳಿತು. ಕತ್ತು ಚಾಚಿತು. ಕರುಗಳೆಲ್ಲ ಹಾಲಿಗೆ ಮೊದಲು ಗುದ್ದುತ್ತವಲ್ಲ, ಹಾಗೆ ತನ್ನ ಮೂಗಿನಿಂದ ಕಲ್ಲಿನ ಕೆಚ್ಚಲಿಗೆ ಒಂದು ಗುದ್ದು ಗುದ್ದಿತು.

ಗೋಧಿಯ ಕಿವಿಗೆ ಗಾರೆ ತುಂಬಿತ್ತು, ನಿಜ. ಕೆಚ್ಚಲಿಗೆ ಯಾರು ಗಾರೆ ತುಂಬುತ್ತಾರೆ?

ತನ್ನ ಕೆಚ್ಚಲಿಗೆ ಯಾರು ಬಾಯಿ ಹಾಕಿದರು ಅಂತ ಎಲ್ಲ ಹಸುಗಳೂ ತಿರುಗಿ ಮೂಸುತ್ತವೆ. ಗೋಧಿಯೂ ತಿರುಗಿತು. ಕಲ್ಲು ಚಿಟಿಕ್ ಅಂದಿತು. ಅದು ಕತ್ತು ಹೊರಳಿಸಿತು, ಇನ್ನೂ ಹೊರಳಿಸಿತು. ಒಂದು ಕಣ್ಣು ಕಂಡಿತು, ಇನ್ನೊಂದು ಕಣ್ಣೂ ಕಂಡಿತು. ಕಲ್ಲಿನ ಹನಿ ಕರಗಿ ಕೆನ್ನೆ ಒದ್ದೆಯಾಯಿತು. ಕೆಚ್ಚಲಿನಿಂದ ಒಂದು ತೊಟ್ಟು ಹಾಲು ತೌಡಿನ ಮೂಗಿನ ಮೇಲೆ ಬಿತ್ತು.

"ಅಂಬಾ!"

ಗೋಧಿ ಗೋಡೆಯಿಂದ ಹೊರಗೆ ಹೆಜ್ಜೆ ಇಟ್ಟಿತು. ಎತ್ತಿಟ್ಟಿದ್ದ ಕಾಲು ಕೊನೆಗೂ ಕೆಳಗಿಳಿಯಿತು. ಅದರ ಹೊಟ್ಟೆ ಉಜ್ಜಿದ ರಭಸಕ್ಕೆ ಮಾಂತ್ರಿಕನ ಕೆಂಪು ಗೆರೆಗಳೆಲ್ಲ ಅಳಿಸಿಹೋದವು. ತೌಡಿಗೆ ಹಿಂಗಾಲು ಬಂತು, ಬಾಲ ಬಂತು. ಬಾಲ ಬಂದದ್ದೇ ತಡ, ಅದನ್ನು ಅಲ್ಲಾಡಿಸುತ್ತಾ ಚಪ್ಪರಿಸಿ ಚಪ್ಪರಿಸಿ ಹಾಲು ಕುಡಿಯತೊಡಗಿತು.

ಮಾಂತ್ರಿಕ ಉಳಿ ಎತ್ತಿಕೊಂಡು ನುಗ್ಗಿದ. ಕಳ್ಳರ ಕಾಲು ಹಿಡಿದು ಪಳಗಿದ ಜಮಾದಾರ ಸುಮ್ಮನಿರುತ್ತದೆಯೇ? ಹಿಂದಿನಿಂದ ಹಾರಿ ಅವನ ಕಾಲು ಹಿಡಿಯಿತು. ಕೋಲು ಒಂದು ಕಡೆ ಬಿತ್ತು, ಬಣ್ಣದ ಕುಡಿಕೆ ಒಂದು ಕಡೆ. ಕೋಲು ಬಿದ್ದ ಕೂಡಲೇ ನೆಬಿಯ ಕಾಲು ನೆಲದಿಂದ ಬಿಟ್ಟಿತು. ಗೋಧಿ ಕೊಂಬು ತಗ್ಗಿಸಿತು. ಕರು ಕುಡಿಯುವಾಗ ಹಸುವಿನ ಹತ್ತಿರ ಹೋಗಬಾರದು ಅಂತ ಮಾಂತ್ರಿಕನಿಗೆ ಯಾರೂ ಹೇಳಿರಲಿಲ್ಲ.

ಅವನು ಹೇಗೋ ಕಾಲು ಬಿಡಿಸಿಕೊಂಡು ಗೋಡೆಗೆ ಓಡಿದ. "ಒಳಗೆ ಹೋದರೆ ನನ್ನನ್ನು ಯಾರೂ ಮುಟ್ಟಲಾರರು!" ಅಂದು ಏಣಿ ಹತ್ತಿ, ತನ್ನದೇ ಚಿತ್ರಕ್ಕೆ ಟಕಟಕ ಕಣ್ಣು ಕೆತ್ತಿದ. ಕಣ್ಣು ಬಿದ್ದಿತು. ಏಣಿ ಖಾಲಿಯಾಯಿತು. ಗೋಡೆಯ ಮೇಲಿನ ದೊಡ್ಡ ಮನುಷ್ಯ ಒಂದೇ ಕಣ್ಣಿನಿಂದ ಪಿಳಿಪಿಳಿ ನೋಡಿದ.

ಆಮೇಲೆ ತಾನೇ ಅವನಿಗೆ ನೆನಪಾದದ್ದು? ಹೊರಗೆ ಬರಬೇಕಾದರೆ ಯಾರಾದರೂ ಹೆಸರು ಹಿಡಿದು ಕರೆಯಬೇಕು. ಹೆಸರು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೂ ಕಿವಿಗೆ ಗಾರೆ!

ಸುದ್ದಿ ಹೊಳೆ ದಾಟಿತು. ಹೊತ್ತು ಮುಳುಗುವುದರೊಳಗೆ ಇಡೀ ಊರು ಓಡಿಬಂತು. ಮಕ್ಕಳು ಕಡ್ಡಿ ಹಿಡಿದು ಗೋಡೆಯ ಪ್ರಾಣಿಗಳ ಕಿವಿಯಿಂದ ಗಾರೆ ಕೆರೆದರು. ಆಮೇಲೆ ಅವರವರು ಅವರವರ ಪ್ರಾಣಿಯನ್ನು ಕರೆದರು. ನಾಯಿಗಳನ್ನು ಕರೆಯಬೇಕಾಗಲೇ ಇಲ್ಲ, ಬಾಯಿ ತೆರೆಯುವುದರೊಳಗೆ ತಿರುಗಿ ದೊಪದೊಪ ಉದುರಿದವು. ಕತ್ತೆಗಳು ಮುದ್ದಿನ ಮಾತಿಗೆ ಬಗ್ಗಲಿಲ್ಲ. "ಏ ದರಿದ್ರದ್ದೇ, ಸಾಯಂಕಾಲ ಆಯ್ತು, ಮನೆಗೆ ನಡೀ!" ಅಂದ ಮೇಲೆ ಗುರುತು ಹಿಡಿದು ತಿರುಗಿದವು. ಬಾತುಗಳು ಕಾಳಿನ ಸದ್ದಿಗೆ ಬಂದವು. ಮುಳ್ಳಿಲಿ ಬಂದಿತು, ಬಾಯಲ್ಲಿ ಮಿಡತೆಯನ್ನು ಹಾಗೇ ಹಿಡಿದುಕೊಂಡು.

ತೆತಿಯಜ್ಜಿ ಬಂದವಳೇ ಕರುವಿನ ಹೊಟ್ಟೆ ಮುಟ್ಟಿ ನೋಡಿದಳು. ತಮಟೆಯ ಹಾಗೆ ಬಿಗಿದಿತ್ತು. "ಮೊಸಳೆ ಮಂತ್ರ ಹೇಳಿದ್ಯೇನೇ?" ಅಂದಳು.

"ಹೇಳ್ದೆ ಅಜ್ಜೀ, ಹೇಳ್ದೆ" ಅಂದಳು ನೆಬಿ. ಮಿಕ್ಕಿದ್ದನ್ನು ಹೇಳಲಿಲ್ಲ.

ಕೊನೆಗೆ ಉಳಿದವನು ರಾಜ. ಅರಮನೆಯ ಗೋಡೆಯ ಮುಂದೆ ನಿಂತು "ಮಿಯೂ, ಬಾರೇ ಚಿನ್ನ" ಅಂದ. ಬೆಕ್ಕು ತಿರುಗಲಿಲ್ಲ. "ಮಿಯೂ, ಮೀನು ತಂದಿದೀನಿ." ಕಿವಿ ಅಲ್ಲಾಡಿಸಿತು, ತಿರುಗಲಿಲ್ಲ. ಕಿವಿಯಲ್ಲಿ ಗಾರೆ ಇರಲಿಲ್ಲ, ರಾಜನೇ ಕೆರೆದಿದ್ದ. ರಾಜ ಕಿರೀಟ ತೆಗೆದಿಟ್ಟು ನೆಲದ ಮೇಲೆ ಕೂತು ಬೇಡಿಕೊಂಡ. ಊಹೂಂ. ಕೊನೆಗೆ ಬೇಸತ್ತು ಎದ್ದುಹೋದ. ಅವನು ಬಾಗಿಲು ದಾಟಿದ ಮೇಲೆ ಮಿಯು ತಾನಾಗಿಯೇ ತಿರುಗಿ, ಕೆಳಗಿಳಿದು, ಮೈ ನೆಕ್ಕಿಕೊಂಡು, ಕಿರೀಟದೊಳಗೆ ಸುತ್ತಿ ಮಲಗಿತು. ಯಾರಾದರೂ ಕರೆಯಲೇಬೇಕು ಅಂತ ಸಿಂಹ ಹೇಳಿತ್ತಲ್ಲ ಅನ್ನಬೇಡಿ. ಸಿಂಹಕ್ಕೆ ಬೆಕ್ಕುಗಳ ವಿಷಯ ಗೊತ್ತಿಲ್ಲ.

ನೆಬಿ ಮಾತು ಮರೆಯಲಿಲ್ಲ. ಸಿಂಹ ಕಲ್ಲುಮನೆಯ ಗೋಡೆಯುದ್ದಕ್ಕೂ ನಡೆದು ಹೊರಗಿನ, ಮರಳುಗಾಡಿನ ಕಡೆಯ ಮೂಲೆಗೆ ಬಂದು ನಿಂತಿತ್ತು. ಅವಳು ಪಕ್ಕದ ಖರ್ಜೂರದ ಮರ ಹತ್ತಿ, ಗಟ್ಟಿಯಾಗಿ ಹಿಡಿದುಕೊಂಡು, ಅದರ ಹೆಸರು ಕರೆದಳು. ಸಿಂಹ ಮುಖವೆತ್ತಿ ನೋಡಿತು. ಎರಡು ಕಣ್ಣೂ ಹಳದಿ. ಹೊರಗೆ ಬಂದು ಮೈ ಮುರಿಯಿತು, ಆಕಳಿಸಿತು, ಮರವನ್ನು ಮೂಸಿತು. ಆಮೇಲೆ ಮರಳಿನ ಕಡೆ ನಡೆದುಹೋಯಿತು. ಅದಕ್ಕೆ ಕೊಟ್ಟ ಮಾತು ನೆನಪಿತ್ತೋ, ಮರ ಹತ್ತಲು ಸೋಮಾರಿತನವೋ, ಯಾರಿಗೆ ಗೊತ್ತು? ಮರದ ಬುಡದಲ್ಲಿ ನೀಲಿ ಮಣಿ ಬಿದ್ದಿತ್ತು.

ಅಂದಿನಿಂದ ಕರಿಮಣ್ಣಿನ ನಾಡಿನಲ್ಲಿ ಹಾಲು ಹರಿಯಿತು, ನೇಗಿಲು ನಡೆಯಿತು, ಬಾತುಗಳು ದಾರಿಗೆ ಅಡ್ಡ ನಿಂತು ಎಲ್ಲರನ್ನೂ ಬೈದವು. ಉಳಿಮಾಂತ್ರಿಕ ಗೋಡೆಯಲ್ಲೇ ಇದ್ದ. ಊರ ತಾಯಂದಿರು ಮಕ್ಕಳಿಗೆ ಒಂದೇ ಮಾತು ಹೇಳಿದ್ದರು: "ಅವನ ಕಡೆ ಮಾತ್ರ ನಾಲಿಗೆ ಚಾಚಬೇಡಿ, ಸಿಟ್ಟಿಗೆ ತಿರುಗಿಬಿಟ್ಟಾನು." ತೌಡು ದೊಡ್ಡ ಹೋರಿಯಾಯಿತು. ಆದರೂ ನೆಬಿ ಕರೆದರೆ ಕರುವಿನ ಹಾಗೇ ಕುಣಿದುಕೊಂಡು ಬರುತ್ತಿತ್ತು. ಎಲ್ಲರೂ ಸುಖವಾಗಿದ್ದರು.

ಇಲ್ಲಿಗೆ ಕತೆ ಮುಗಿಯಿತು. ಆದರೆ ಒಂದು ಮಾತು. ಕೊನೆ ನಾನೇ ಕಟ್ಟಿದ್ದು.

ಆ ನಾಡಿನ ಹಳೆಯ ಗೋರಿಯೊಂದರ ಕಲ್ಲಿನ ಮೇಲೆ ನಿಜವಾಗಿ ಇರುವುದು ಇಷ್ಟೇ: ಒಂದು ಹಸು, ಒಂದು ಕಣ್ಣು, ಕಣ್ಣಿನ ಕೆಳಗೆ ಒಂದು ಹನಿ. ಪಕ್ಕದಲ್ಲಿ ಕರು ಕತ್ತು ಚಾಚಿ ನಿಂತಿದೆ. ಅದರ ಮೂಗಿಗೂ ಕೆಚ್ಚಲಿಗೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದಿದೆ. ಅವತ್ತಿನಿಂದ ಇವತ್ತಿನವರೆಗೂ ಹಾಗೇ ಉಳಿದಿದೆ.

ನೋಡಿ ನೋಡಿ ತಡೆಯಲಾಗಲಿಲ್ಲ. ಮೂಗು ತಾಗಿತು ಅಂತ ಬರೆದುಬಿಟ್ಟೆ.